ಅಮ್ಮನ ರಿಪೋರ್ಟಿನಲ್ಲಿದ್ದ ‘ಆರ್’

ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕಲ್ ಬ್ರಾಂಚಿನವನು. ಪಿಯುಸಿಯಲ್ಲಿ ಬಯಾಲಜಿ ಬೇಡ ಅಂತ ಕಂಪ್ಯೂಟರ್ ಸೈನ್ಸ್ ತಗೊಂಡೆ. ಇಲ್ಲಿಗೆ ಬಂದ ಮೇಲೆ ‘ಬಯಾಲಜಿ ಫಾರ್ ಎಂಜಿನಿಯರ್ಸ್’ ಪೇಪರನ್ನ ನೀವೆಲ್ಲ ಓದಿದ ಹಾಗೇ, ಅಂದ್ರೆ ಹಿಂದಿನ ರಾತ್ರಿ ಓದಿ, ಪಾಸಾದೆ. ಹಾಗಾಗಿ ಕಳೆದ ದಸರಾ ರಜೆಯಲ್ಲಿ ಅಮ್ಮನ ಲ್ಯಾಬ್ ರಿಪೋರ್ಟು ಕೈಗೆ ಬಂದಾಗ ಅದರಲ್ಲಿ ನನಗೆ ಅರ್ಥವಾದದ್ದು ಅಮ್ಮನ ಹೆಸರು ಮತ್ತು ವಯಸ್ಸು, ಅಷ್ಟೇ.

ಅಮ್ಮನಿಗೆ ಉರಿಮೂತ್ರ, ಜೊತೆಗೆ ಚಳಿಜ್ವರ. ಊರಿನ ಮೆಡಿಕಲ್ ಅಂಗಡಿಯಿಂದ ಅಪ್ಪ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ತಂದುಕೊಟ್ಟಿದ್ರು. ಮೂರು ದಿನ ನುಂಗಿದ್ರೂ ಜ್ವರ ಇಳಿಯಲಿಲ್ಲ. ತಾಲ್ಲೂಕಿನ ಡಾಕ್ಟರು ಕಲ್ಚರ್ ಟೆಸ್ಟ್ ಬರೆದರು. ಬಂದ ಕಾಗದದಲ್ಲಿ ಮೇಲೆ ‘ಇ. ಕೋಲೈ’ ಅಂತ ಬ್ಯಾಕ್ಟೀರಿಯಾದ ಹೆಸರು, ಕೆಳಗೆ ಆಂಟಿಬಯಾಟಿಕ್‌ಗಳ ಉದ್ದ ಪಟ್ಟಿ, ಪ್ರತಿಯೊಂದರ ಎದುರಿಗೂ ಒಂದು ಅಕ್ಷರ. ‘ಎಸ್’ ಅಂದ್ರೆ ಈ ಔಷಧಿಗೆ ಬಗ್ಗುತ್ತೆ, ‘ಆರ್’ ಅಂದ್ರೆ ಬಗ್ಗಲ್ಲ, ರೆಸಿಸ್ಟೆಂಟ್. ಸಿಪ್ರೊಫ್ಲಾಕ್ಸಾಸಿನ್ ಎದುರಿಗೆ ‘ಆರ್’. ಡಾಕ್ಟರು ‘ಎಸ್’ ಇದ್ದ ಬೇರೆ ಮಾತ್ರೆ ಕೊಟ್ಟರು, ವಾರದಲ್ಲಿ ಅಮ್ಮ ಸರಿಹೋದಳು. ಮನೆಯವರ ಪಾಲಿಗೆ ಕತೆ ಅಲ್ಲಿಗೆ ಮುಗೀತು.

ನನಗೆ ಮುಗಿಯಲಿಲ್ಲ, ಯಾಕಂದ್ರೆ ಆ ‘ಫ್ಲಾಕ್ಸಾಸಿನ್’ ಅನ್ನೋ ಬಾಲವನ್ನ ನಾನು ಇನ್ನೊಂದು ಕಡೆ ಓದಿದ್ದೆ. ನಮ್ಮ ಕೋಳಿ ಶೆಡ್ಡಿನ ಗೂಟಕ್ಕೆ ನೇತುಹಾಕಿರೋ ಚೀಲದಲ್ಲಿನ ಬಾಟಲಿಯ ಮೇಲೆ. ಎನ್ರೊಫ್ಲಾಕ್ಸಾಸಿನ್.

ನಮ್ಮದು ಚನ್ನರಾಯಪಟ್ಟಣದ ಹತ್ತಿರದ ಊರು. ತೆಂಗಿಗೆ ನುಸಿ ಬಿದ್ದು ಆದಾಯ ಕೈಕೊಟ್ಟ ಮೇಲೆ ಅಪ್ಪ ಸಾಲ ಮಾಡಿ ಬ್ರಾಯ್ಲರ್ ಶೆಡ್ ಕಟ್ಟಿಸಿದ್ರು. ಐದು ಸಾವಿರ ಕೋಳಿ. ಒಂದು ಕಂಪನಿಯವರು ಮರಿ ಕೊಡ್ತಾರೆ, ಫೀಡ್ ಕೊಡ್ತಾರೆ, ಔಷಧಿ ಕೊಡ್ತಾರೆ, ಆರು ವಾರಕ್ಕೆ ಲಾರಿ ತಂದು ತೂಕ ಹಾಕಿ ಒಯ್ತಾರೆ. ಸತ್ತ ಕೋಳಿಯ ಲೆಕ್ಕ ನಮ್ಮ ತಲೆ ಮೇಲೆ. ಹಾಗಾಗಿ ನಾಲ್ಕು ಮರಿ ತೂಕಡಿಸಿದ್ರೆ ಸಾಕು, ಸೂಪರ್‌ವೈಸರಿಗೆ ಫೋನು, ಅವರು ಹೇಳಿದ ಬಾಟಲಿ ನೀರಿನ ಟ್ಯಾಂಕಿಗೆ. ರಜೆಯಲ್ಲಿ ಆ ಕೆಲಸ ನಂದು. ಮುಚ್ಚಳದಲ್ಲಿ ಅಳೆದು ಸುರಿದು ಪಿವಿಸಿ ಪೈಪಿನಲ್ಲಿ ಕಲಕೋದು. ಮೂರೋ ನಾಲ್ಕೋ ಬ್ಯಾಚಿಗೆ ನನ್ನ ಕೈಯಾರೆ ಕಲಕಿದ್ದೀನಿ.

ಈಗ ಯೋಚಿಸಿದ್ರೆ ಅದರಲ್ಲಿ ನಮ್ಮ ಫಸ್ಟ್ ಸೆಮ್ ಹುಡುಗನಿಗೂ ಕಾಣೋ ತಪ್ಪಿದೆ. ಕಾಯಿಲೆ ಇರೋದು ನಾಲ್ಕಕ್ಕೆ, ಔಷಧಿ ಹೋಗೋದು ಐದು ಸಾವಿರಕ್ಕೆ. ಅದೂ ಸಮನಾಗಿ ಹೋಗಲ್ಲ. ಹುಷಾರಿಲ್ಲದ ಕೋಳಿ ನೀರು ಕಡಿಮೆ ಕುಡಿಯುತ್ತೆ, ಗಟ್ಟಿಮುಟ್ಟಾದ್ದು ಗಟಗಟ ಕುಡಿಯುತ್ತೆ. ಡೋಸ್ ಕಂಟ್ರೋಲ್ ಅನ್ನೋದೇ ಇಲ್ಲ. ಎಷ್ಟೋ ಕೋಳಿಗಳ ಕರುಳಲ್ಲಿ ಬ್ಯಾಕ್ಟೀರಿಯಾಗೆ ಸಾಯುವಷ್ಟು ಔಷಧಿ ಸಿಗಲ್ಲ, ಪಾಠ ಕಲಿಯುವಷ್ಟು ಸಿಗುತ್ತೆ.

‘ಪಾಠ ಕಲಿಯುತ್ತೆ’ ಅಂದದ್ದು ತಪ್ಪು, ಅದನ್ನೂ ಸರಿ ಮಾಡ್ತೀನಿ. ಬ್ಯಾಕ್ಟೀರಿಯಾ ಏನೂ ಕಲಿಯಲ್ಲ. ಇ. ಕೋಲೈ ಉದ್ದ ಸುಮಾರು 2 ಮೈಕ್ರಾನ್, ಅದರೊಳಗಿನ ಡಿಎನ್ಎ ಬಿಡಿಸಿದ್ರೆ ಒಂದೂವರೆ ಮಿಲಿಮೀಟರ್. ಜೇಬಿನಲ್ಲಿಟ್ಟ ಇಯರ್‌ಫೋನ್ ವೈರಿಗೇ ಅಷ್ಟು ಗಂಟು ಬೀಳುತ್ತೆ ಅಂದ್ರೆ ಇದರ ಗತಿ ನೋಡಿ. ಆ ಸಿಕ್ಕು ಬಿಡಿಸೋಕೆ ಅಲ್ಲೊಂದು ಎಂಜೈಮ್ ಇದೆ, ಗೈರೇಸ್ ಅಂತ. ಅದು ಎಳೆಯನ್ನ ಕತ್ತರಿಸಿ, ಸಂದಿಯಲ್ಲಿ ಇನ್ನೊಂದು ಎಳೆ ದಾಟಿಸಿ, ಮತ್ತೆ ಬೆಸೆಯುತ್ತೆ. ಫ್ಲಾಕ್ಸಾಸಿನ್ ಕುಟುಂಬದ ಔಷಧಿಗಳು ಸರಿಯಾಗಿ ಕತ್ತರಿಸಿದ ಹೊತ್ತಿನಲ್ಲೇ ಹೋಗಿ ಬೆಣೆ ಹೊಡೆದ ಹಾಗೆ ಕೂತ್ಕೊಳ್ತವೆ. ಬೆಸುಗೆ ಆಗಲ್ಲ, ಡಿಎನ್ಎ ತುಂಡು ತುಂಡಾಗಿ ಬ್ಯಾಕ್ಟೀರಿಯಾ ಸಾಯುತ್ತೆ. ಆದ್ರೆ ಒಳ್ಳೆ ಊಟ, ಬಿಸಿ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗೋ ಜೀವಿ ಅದು. ಅಷ್ಟು ಕಾಪಿ ಹೊಡೆಯುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತೆ, ಆ ತಪ್ಪಿನಿಂದ ಗೈರೇಸ್‌ನ ಆಕಾರ ಚೂರು ಬದಲಾಗಿ ಬೆಣೆ ಸರಿಯಾಗಿ ಕೂರಲ್ಲ. ಔಷಧಿ ಇಲ್ಲದಾಗ ಅದು ಕೋಟಿಯಲ್ಲಿ ಒಂದು. ನಾನು ಟ್ಯಾಂಕಿಗೆ ಬಾಟಲಿ ಸುರಿದ ದಿನ ಉಳಿದವೆಲ್ಲ ಸತ್ತು ಅದಕ್ಕೆ ಇಡೀ ಹಾಸ್ಟೆಲ್ ಖಾಲಿ.

ಇ. ಕೋಲೈಗೆ ಪೂರ್ತಿ ಬಗ್ಗದ ಹಾಗಾಗೋಕೆ ಸಾಮಾನ್ಯವಾಗಿ ಇಂಥ ಒಂದಕ್ಕಿಂತ ಹೆಚ್ಚು ತಪ್ಪು ಬೇಕು. ಕೋಳಿ ಕರುಳಿನಲ್ಲೇ ಇರೋ ಇನ್ನೊಂದು ಬ್ಯಾಕ್ಟೀರಿಯಾ ಇದೆ, ಕ್ಯಾಂಪಿಲೊಬ್ಯಾಕ್ಟರ್. ನಮ್ಮ ಭೇದಿಗೆ ದೊಡ್ಡ ಕಾರಣಗಳಲ್ಲಿ ಒಂದು. ಅದಕ್ಕೆ ಒಂದೇ ಅಕ್ಷರದ ತಪ್ಪು ಸಾಕು. ಚೆನ್ನಾಗಿ ಬೇಯಿಸಿದ್ರೆ ಎರಡೂ ಸಾಯ್ತವೆ, ಅದು ನಿಜ. ಆದ್ರೆ ಕೋಳಿ ತೊಳೆದ ನಲ್ಲಿ, ಕೊಯ್ದ ಮಣೆ, ಅದೇ ಮಣೆ ಮೇಲೆ ಹೆಚ್ಚಿದ ಸೌತೆಕಾಯಿ? ನಮ್ಮಮ್ಮ ಕುಂಟೋ ಕೋಳಿ ಸಿಕ್ಕಿದ ಭಾನುವಾರಗಳಲ್ಲಿ ಮಾಡೋದು ಇದನ್ನೇ. ಎಲ್ಲರ ಮನೆಯಲ್ಲೂ ಇದೇ.

ಇದರ ಬಗ್ಗೆ ಹುಡುಕ್ತಾ ಹೋದಾಗ ಸಿಕ್ಕಿದ್ದು ನೆದರ್ಲೆಂಡ್ಸ್ ಲೆಕ್ಕ. ಅಲ್ಲಿ 1987ರಲ್ಲಿ ಕೋಳಿಗಳಿಗೆ ಎನ್ರೊಫ್ಲಾಕ್ಸಾಸಿನ್ ಬಂತು. 1982ರಲ್ಲಿ ಕೋಳಿಮಾಂಸದ ಕ್ಯಾಂಪಿಲೊಬ್ಯಾಕ್ಟರ್‌ನಲ್ಲಿ ಈ ಕುಟುಂಬದ ಔಷಧಿಗೆ ಬಗ್ಗದವು ಸೊನ್ನೆ, 1989ಕ್ಕೆ ಶೇಕಡಾ 14. ರೋಗಿಗಳಿಂದ ತೆಗೆದವುಗಳಲ್ಲಿ ಸೊನ್ನೆಯಿಂದ ಶೇಕಡಾ 11. ಆ ಎರಡು ಗೆರೆ ಜೊತೆಜೊತೆಗೆ ಏರೋದನ್ನ ಗ್ರಾಫ್ ಶೀಟಿನಲ್ಲಿ ನಾನೇ ಹಾಕಿ ನೋಡಿದೆ. ಇಷ್ಟು ಗೊತ್ತಿದ್ದೂ ಅಮೆರಿಕ ತೊಂಬತ್ತರ ದಶಕದ ಮಧ್ಯದಲ್ಲಿ ಕೋಳಿಗೆ ಈ ಔಷಧಿ ಕೊಡೋಕೆ ಒಪ್ಪಿಗೆ ಕೊಡ್ತು. 2000ದಲ್ಲಿ ಅಲ್ಲಿನ ಎಫ್‌ಡಿಎ ತಪ್ಪು ಒಪ್ಪಿಕೊಂಡು ಹಿಂದಕ್ಕೆ ತಗೊಳ್ಳೋಕೆ ಹೊರಟಿತು, ತಯಾರಕರು ಪಟ್ಟು ಹಿಡಿದು ವಾದ ಮಾಡಿದ್ರು, ಕೊನೆಗೆ ನಿಷೇಧ ಜಾರಿಯಾದದ್ದು 2005ರ ಸೆಪ್ಟೆಂಬರಿನಲ್ಲಿ. ನನಗೆ ನಿಜವಾಗಿ ಭಯ ಆದದ್ದು ಆಮೇಲಿನದ್ದನ್ನ ಓದಿ. ನಿಷೇಧ ಮಾಡಿದ ಮೇಲೂ ಬಗ್ಗದ ಕ್ಯಾಂಪಿಲೊಬ್ಯಾಕ್ಟರ್ ಕಡಿಮೆಯಾಗಲಿಲ್ಲ. ಔಷಧಿಯೇ ಇಲ್ಲದ ಕೋಳಿಯೊಳಗೂ ಅದು ಮಾಮೂಲಿ ಕ್ಯಾಂಪಿಲೊಬ್ಯಾಕ್ಟರನ್ನ ಪಕ್ಕಕ್ಕೆ ತಳ್ಳಿ ಬೆಳೆಯಬಲ್ಲದು ಅಂತ ಪ್ರಯೋಗದಲ್ಲೇ ಕಂಡುಬಂದಿತ್ತು. ಕಂಟ್ರೋಲ್ ಜೆಡ್ ಕೆಲಸ ಮಾಡಲ್ಲ. ಆಸ್ಟ್ರೇಲಿಯಾ ತಿನ್ನೋ ಪ್ರಾಣಿಗಳಿಗೆ ಈ ಔಷಧಿಗೆ ಮೊದಲಿಂದ ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ. ಅವರ ಕೋಳಿಗಳಲ್ಲಿ ಬಹಳ ಕಾಲ ಈ ಸಮಸ್ಯೆ ಹೆಚ್ಚುಕಡಿಮೆ ಇರಲೇ ಇಲ್ಲ.

ಇನ್ನೊಂದು ದಾರಿಯೂ ಇದೆ, ಅದು ನಮಗೆ ಬೇಗ ಅರ್ಥವಾಗೋದು. ಪ್ಲಾಸ್ಮಿಡ್. ಮುಖ್ಯ ಡಿಎನ್ಎಗೆ ಸೇರದ, ಬೇರೆಯಾಗಿರೋ ಒಂದು ಪುಟ್ಟ ಡಿಎನ್ಎ ಉಂಗುರ. ಲ್ಯಾಬ್ ರೆಕಾರ್ಡ್ ಇರೋ ಪೆನ್‌ಡ್ರೈವ್ ಕ್ಲಾಸೆಲ್ಲ ಸುತ್ತೋ ಹಾಗೆ ಇದು ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ್ದಕ್ಕೆ ಹೋಗುತ್ತೆ, ಬೇರೆ ಜಾತಿಯದಾದ್ರೂ ಪರವಾಗಿಲ್ಲ. ಒಂದರಲ್ಲೇ ನಾಲ್ಕೈದು ಔಷಧಿಗೆ ಉತ್ತರ ಇರಬಹುದು. ಹಾಗಾಗಿ ಒಂದು ಔಷಧಿ ಕೊಟ್ಟು ಐದಕ್ಕೆ ‘ಆರ್’ ಪಡೀಬಹುದು.

ಅಮೆರಿಕದ ಸ್ಟುವರ್ಟ್ ಲೆವಿ ಅನ್ನೋರು 1976ರಲ್ಲಿ ಇದನ್ನ ಒಂದು ಫಾರ್ಮಿನಲ್ಲಿ ತೋರಿಸಿದ್ರು. ಕೋಳಿ ಫೀಡಿಗೆ ಟೆಟ್ರಾಸೈಕ್ಲಿನ್ ಬೆರೆಸಿದ ಒಂದೇ ವಾರದಲ್ಲಿ ಕೋಳಿ ಕರುಳಿನ ಬ್ಯಾಕ್ಟೀರಿಯಾ ಬಹುತೇಕ ಎಲ್ಲ ಅದಕ್ಕೆ ಬಗ್ಗದವಾದವು. ಐದಾರು ತಿಂಗಳಲ್ಲಿ ಫಾರ್ಮಿನ 11 ಜನರಲ್ಲಿ 7 ಜನರ ಕರುಳಿನಲ್ಲೂ ಅಂಥವು ತುಂಬಿಕೊಂಡಿದ್ದು ಮತ್ತೆ ಮತ್ತೆ ಕಂಡುಬಂತು, ಅಕ್ಕಪಕ್ಕದ ಮನೆಗಳ 24 ಜನರಲ್ಲಿ ಮೂವರಲ್ಲಿ ಮಾತ್ರ. ಆ ಬ್ಯಾಕ್ಟೀರಿಯಾಗಳಲ್ಲಿ ಬೇರೆ ಬೇರೆ ಔಷಧಿಗಳನ್ನೂ ತಡೆಯೋ ಪ್ಲಾಸ್ಮಿಡ್ ಇದ್ದವು. ಅವರ್‍ಯಾರೂ ಕೋಳಿಯ ಔಷಧಿ ತಿಂದಿರಲಿಲ್ಲ. ಶೆಡ್ಡಿನಲ್ಲಿ ಓಡಾಡಿದ್ರು, ಅಷ್ಟೇ. ಅಮ್ಮ ದಿನಾ ಎರಡು ಹೊತ್ತು ಓಡಾಡ್ತಾಳೆ.

ಅಮ್ಮನ ಇ. ಕೋಲೈ ನಮ್ಮ ಶೆಡ್ಡಿನದೇ ಅಂತ ನಾನು ಪ್ರಮಾಣ ಮಾಡೋಕಾಗಲ್ಲ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಪ್ರೊ ಕೊಟ್ಟು ಕೊಟ್ಟು ಮನುಷ್ಯರೇ ಬೆಳೆಸಿದ ತಳಿಯೂ ಇರಬಹುದು, ಅಮ್ಮ ಹಿಂದೆಯೂ ಅದನ್ನ ನುಂಗಿದ್ದಾಳೆ. ಆದ್ರೆ ಮುಚ್ಚಳದಲ್ಲಿ ಅಳೆದು ಸುರಿದ ಕೈ ನನ್ನದು, ಅದು ಮರೆಯೋಕೆ ಆಗ್ತಿಲ್ಲ.

ಅಪ್ಪನಿಗೆ ಹೇಳಿದೆ. ಎನ್ರೊಫ್ಲಾಕ್ಸಾಸಿನ್ ಕೋಳಿಯ ಮೈಯೊಳಗೆ ಹೋದ ಮೇಲೆ ಒಂದಷ್ಟು ಸಿಪ್ರೊಫ್ಲಾಕ್ಸಾಸಿನ್ನೇ ಆಗುತ್ತೆ, ಎರಡೂ ಒಂದೇ ಮನೆಯವು, ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೂ ಬಗ್ಗಲ್ಲ ಅಂತ. 2019ರಲ್ಲಿ ನಮ್ಮ ಸರ್ಕಾರವೇ ಕೊಲಿಸ್ಟಿನ್ ಅನ್ನೋ ಔಷಧಿಯನ್ನ ಕೋಳಿ, ದನಗಳಿಗೆ ಕೊಡಬಾರದು ಅಂತ ನಿಲ್ಲಿಸಿದೆ ಅಂತಾನೂ ಹೇಳಿದೆ. ಅಪ್ಪ ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ, “ಸರಿ ಕಣಪ್ಪ, ಹಾಕಲ್ಲ. ಇನ್ನೂರು ಕೋಳಿ ಸತ್ರೆ ನಿನ್ನ ಸೆಮಿಸ್ಟರ್ ಫೀಸು ಎಲ್ಲಿಂದ ತರ್ಲಿ?” ಅಂದ್ರು. ಜಗಳದ ದನಿಯಲ್ಲಿ ಅಲ್ಲ, ನಿಜವಾಗಿ ಕೇಳಿದ್ದು. ನಾನು ಸುಮ್ನಾದೆ.

ಆ ರಜೆಯಲ್ಲಿ ನನ್ನ ಕೈಲಾದದ್ದು ಕಡಿಮೆ. ನೀರಿನ ಲೈನು ಪೂರ್ತಿ ಬಿಚ್ಚಿ ಒಳಗಿನ ಲೋಳೆ ತೊಳೆದೆ. ಶೆಡ್ಡಿಗೇ ಅಂತ ಬೇರೆ ಚಪ್ಪಲಿ, ಬಾಗಿಲಲ್ಲಿ ಸೋಪು ಇಟ್ಟೆ. ಗಾಳಿ ಆಡದ ಮೂಲೆಯಲ್ಲೇ ಮರಿಗಳು ಜಾಸ್ತಿ ಮಂಕಾಗ್ತಿದ್ದವು, ಅಲ್ಲಿಗೊಂದು ಹಳೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ (ಮೆಕ್ಯಾನಿಕಲ್ ಓದಿದ್ದು ಇಷ್ಟಕ್ಕಾದರೂ ಬಂತು). ಅಡುಗೆಮನೆಗೆ ಕೋಳಿಗೇ ಅಂತ ಇನ್ನೊಂದು ಮಣೆ ತಂದೆ. ಅದರ ಮೇಲೆ ಅಮ್ಮ ಈಗ ತೆಂಗಿನಕಾಯಿ ಚೂರು ಹೆಚ್ಚುತ್ತಿದ್ದಾಳೆ.

ಕಳೆದ ಭಾನುವಾರ ಇಂಟರ್ನಲ್ಸ್‌ಗೆ ಓದ್ತಾ ಇದ್ದಾಗ ಅಪ್ಪನ ಫೋನು. ಹೊಸ ಬ್ಯಾಚಿಗೆ ಹದಿನಾಲ್ಕನೇ ದಿನ, ಏಳೆಂಟು ಮರಿ ಕೂತಲ್ಲೇ ಕೂತಿವೆ, ಸೂಪರ್‌ವೈಸರು ನಾಳೆ ಬರ್ತಾರೆ, ಏನ್ಮಾಡ್ಲಿ ಹೇಳು ಅಂದ್ರು. ಬಾಟಲಿ ತೆಗೆಯೋಕೆ ಮುಂಚೆ ಪಶು ಡಾಕ್ಟರಿಗೆ ಒಂದು ಸತ್ತ ಮರಿ ಕೊಯ್ಸಿ ತೋರ್ಸಪ್ಪ, ಅದು ಬ್ಯಾಕ್ಟೀರಿಯಾನೋ ವೈರಸ್ಸೋ ಮೊದಲು ಗೊತ್ತಾಗ್ಲಿ, ಮಂಕಾಗಿರೋವನ್ನ ಬೇರೆ ಕಡೆ ಹಾಕು ಅಂದೆ.

“ಮರಿ ಸಾಯ್ಲಿ ಅಂತ ಕಾಯ್ಬೇಕಾ ಹಂಗಾದ್ರೆ?” ಅಂದ್ರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, “ಇರು, ನಿಮ್ಮಮ್ಮ ಆಗ್ಲೇ ಬುಟ್ಟಿ ತಗೊಂಡು ಹೋದ್ಲು ಬೇರೆ ಹಾಕೋಕೆ” ಅಂತ ಫೋನಿಟ್ರು.