ನೆಲಮಂಗಲ: ಬೆಳೆಯುವ ಊರು, ಉಳಿಯಬೇಕಾದ ನೆಲ

ಬೆಂಗಳೂರಿನಿಂದ ವಾಯವ್ಯಕ್ಕೆ ಸುಮಾರು 28 ಕಿಲೋಮೀಟರು ದೂರದಲ್ಲಿರುವ ನೆಲಮಂಗಲವನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕಂಡಿರುತ್ತಾರೆ. ಇಳಿದು ನೋಡಿದವರು ವಿರಳ. ಸಿದ್ಧಗಂಗೆಗೆ, ಶಿವಗಂಗೆಗೆ, ಅದರಾಚೆಯ ಚಿತ್ರದುರ್ಗ, ದಾವಣಗೆರೆಗಳಿಗೆ ಹೋಗುವವರು ಇಲ್ಲಿಂದ ನೇರವಾಗಿ ಸಾಗುತ್ತಾರೆ. ಕುಣಿಗಲ್ಲಿನ ಮೇಲೆ ಹಾಸನಕ್ಕೂ ಮಂಗಳೂರಿಗೂ ಹೋಗುವವರು ಇಲ್ಲಿಯೇ ಎಡಕ್ಕೆ ತಿರುಗುತ್ತಾರೆ. ಎಲ್ಲರೂ ದಾಟಿಹೋಗುವ ಊರೊಂದು ಹೇಗೆ ಬದುಕುತ್ತದೆ ಎಂಬುದನ್ನು ನಾವು ಐವತ್ತು ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ನೋಡಿದ್ದಷ್ಟೇ ಅಲ್ಲ, ಅಲ್ಲಿ ಆದ ಒಂದು ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಅದನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಬರಹ.

ನಾವು ತುಮಕೂರು ಸೀಮೆಯ ಮಠವೊಂದರಲ್ಲಿ ಅನ್ನ, ಅಕ್ಷರ ಎರಡನ್ನೂ ಪಡೆದವರು. 1970ರ ದಶಕದ ಆ ದಿನಗಳಲ್ಲಿ ರಜೆ ಮುಗಿಸಿ ಮಠಕ್ಕೆ ಹಿಂದಿರುಗುವಾಗ ನೆಲಮಂಗಲದಲ್ಲಿ ಇಳಿದು, ಅಲ್ಲಿಗೆ ಸಮೀಪದ ಹಳ್ಳಿಗೆ ನಡೆದುಹೋಗಿ, ಅಕ್ಕನ ಮನೆಯಲ್ಲಿ ಒಂದು ರಾತ್ರಿ ತಂಗುವುದು ನಮಗೆ ವಾಡಿಕೆಯಾಗಿತ್ತು. ದಾರಿಯ ಎರಡೂ ಬದಿಯಲ್ಲಿ ರಾಗಿಯ ಹೊಲ, ನಡುನಡುವೆ ಸಾಲುಹಿಡಿದ ಅವರೆ, ಬದುಗಳ ಮೇಲೆ ಹಲಸು, ಹುಣಸೆ. ಊರ ಮುಂದೆ ಒಂದು ಕೆರೆ. ಭಾವನವರಿಗೆ ಮೂರು ಎಕರೆ ಹೊಲ, ಅದರ ಮೂಲೆಯಲ್ಲಿ ಕಲ್ಲು ಕಟ್ಟಿದ ಬಾವಿ. ಬಾವಿಯ ಪಕ್ಕದಲ್ಲಿ ಬಿಲ್ವದ ಮರ. ಅದರ ನೆರಳಿನಲ್ಲಿ ಆ ಮನೆತನದ ಹಿರಿಯರ ಸಮಾಧಿಗಳು. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಸೇರಿ ಅವುಗಳಿಗೆ ನೀರೆರೆದು, ವಿಭೂತಿ ಧರಿಸಿ, ಪತ್ರೆಯೇರಿಸಿ ಎಡೆಯಿಡುತ್ತಿದ್ದರು. ನಮ್ಮವರು ಮಣ್ಣಿಗೆ ಒಪ್ಪಿಸುವ ಸಂಪ್ರದಾಯದವರಾದ್ದರಿಂದ ನಮಗೆ ಹೊಲವು ಬೆಳೆ ಕೊಡುವ ಸ್ಥಳವಷ್ಟೇ ಅಲ್ಲ, ಹಿರಿಯರು ಮಲಗಿದ ಮನೆಯೂ ಹೌದು. ಈ ಮಾತಿನ ಭಾರ ಆಗ ನಮಗೆ ತಿಳಿದಿರಲಿಲ್ಲ.

ಅಂದಿನ ನೆಲಮಂಗಲ ಒಂದು ಸಂತೆಯ ಊರು, ತಾಲ್ಲೂಕು ಕಚೇರಿಯ ಊರು. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಇಬ್ಭಾಗಿಸಿದಾಗ ಅದು ಗ್ರಾಮಾಂತರ ಜಿಲ್ಲೆಯ ಪಾಲಿಗೆ ಬಂದಿತು. ಹೆಸರು ಗ್ರಾಮಾಂತರವಾದರೂ ಅದರ ಮುಖವೆಲ್ಲ ನಗರದ ಕಡೆಗೇ ಇತ್ತು. ಪೀಣ್ಯದ ಕೈಗಾರಿಕೆಗಳು ತುಂಬಿ ತುಳುಕಿದಂತೆಲ್ಲ ಅವುಗಳ ಚಾಚು ಹೆದ್ದಾರಿಯ ಗುಂಟ ಇತ್ತ ಹರಿಯಿತು. 2001ರ ಜನಗಣತಿಯಲ್ಲಿ 25 ಸಾವಿರದಷ್ಟಿದ್ದ ಪಟ್ಟಣದ ಜನಸಂಖ್ಯೆ 2011ರ ಹೊತ್ತಿಗೆ 37 ಸಾವಿರವನ್ನು ದಾಟಿತು. 2021ರಲ್ಲಿ ಜನಗಣತಿ ನಡೆಯಲಿಲ್ಲವಾದ್ದರಿಂದ ಅನಂತರದ ಬೆಳವಣಿಗೆಯನ್ನು ಮನೆಗಳನ್ನೂ ಅಂಗಡಿಗಳನ್ನೂ ನೋಡಿಯೇ ಊಹಿಸಿಕೊಳ್ಳಬೇಕು. ನಮ್ಮ ರಾಜ್ಯದ 1964ರ ಪುರಸಭೆಗಳ ಕಾನೂನಿನಂತೆ 20 ಸಾವಿರದಿಂದ 50 ಸಾವಿರದವರೆಗಿನ ಜನವಸತಿಗೆ ಪುರಸಭೆ. ಅದನ್ನು ಮೀರಿ 3 ಲಕ್ಷದವರೆಗೆ ನಗರಸಭೆ. ಅರಿಶಿನಕುಂಟೆ, ವಾಜರಹಳ್ಳಿ, ಬಸವನಹಳ್ಳಿ ಮೊದಲಾದ ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಂಡು ನೆಲಮಂಗಲವೂ ಪುರಸಭೆಯಿಂದ ನಗರಸಭೆಯಾಯಿತು. ರಾಗಿ ಒಕ್ಕಣೆ ಮಾಡುತ್ತಿದ್ದ ಕೈಗಳು ಹೀಗೆ ನಗರಸಭೆಗೆ ಕಂದಾಯ ಕಟ್ಟುವ ಕೈಗಳಾದವು.

ಈ ಊರಿನ ಭಾಗ್ಯವೂ ಕಷ್ಟವೂ ರಸ್ತೆಯಿಂದಲೇ ಬಂದವು. ಹಿಂದೆ 4 ಮತ್ತು 48 ಎಂಬ ಸಂಖ್ಯೆಗಳಿದ್ದ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಸ್ಥಳವಿದು. ಈಗ ಅವು 48 ಮತ್ತು 75. ಮುಂಬಯಿಯ ಕಡೆಯಿಂದ ಬಂದ ಸರಕು, ಮಂಗಳೂರಿನ ಬಂದರಿನಿಂದ ಘಟ್ಟ ಹತ್ತಿ ಬಂದ ಸರಕು ಎರಡೂ ರಾಜಧಾನಿಯನ್ನು ಹೊಗುವ ಮುನ್ನ ಇಲ್ಲಿ ಒಂದಾಗುತ್ತವೆ. ಹಗಲು ಹೊತ್ತು ನಗರದೊಳಗೆ ದೊಡ್ಡ ಲಾರಿಗಳಿಗೆ ಸುಲಭದ ಪ್ರವೇಶವಿಲ್ಲ. ಆದುದರಿಂದ ಸರಕನ್ನು ಇಳಿಸಿ, ವಿಂಗಡಿಸಿ, ಸಣ್ಣ ವಾಹನಗಳಿಗೆ ಏರಿಸಲು ಊರ ಹೊರಗೆ ಗೋದಾಮುಗಳು ಬೇಕಾದವು. ಹೊಲಗಳಿದ್ದಲ್ಲಿ ಎತ್ತರದ ತಗಡಿನ ಮಾಡುಗಳು ಎದ್ದುದು ಹೀಗೆ. 2010ರ ಸುಮಾರಿಗೆ ತುಮಕೂರು ರಸ್ತೆಯ ಮೇಲುಸೇತುವೆ ಬಳಕೆಗೆ ಬಂದ ಮೇಲೆ ನಗರವು ಇನ್ನೂ ಹತ್ತಿರವಾಯಿತು. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳಗಳ ಮೇಲೆ ಹಾಸನಕ್ಕೆ ರೈಲುಮಾರ್ಗ ಪೂರ್ಣಗೊಂಡಿತು. 2020ರ ಆಗಸ್ಟಿನಲ್ಲಿ ಸರಕು ತುಂಬಿದ ಲಾರಿಗಳನ್ನೇ ರೈಲಿನ ಬಯಲು ಬಂಡಿಗಳ ಮೇಲೆ ಏರಿಸಿ ಸೊಲ್ಲಾಪುರದ ಬಳಿಯ ಬಾಳೆಗೆ ಒಯ್ಯುವ ವ್ಯವಸ್ಥೆಯು ನೆಲಮಂಗಲದಿಂದ ಆರಂಭವಾಯಿತು. ಲಾರಿಯೇ ರೈಲು ಹತ್ತುವುದನ್ನು ಕೇಳಿ ನಮ್ಮ ಅಕ್ಕ ಬಹಳ ಹೊತ್ತು ನಕ್ಕಿದ್ದಳು.

ಈ ಬೆಳವಣಿಗೆಯನ್ನು ನಾವು ಹಳಿಯಲಾರೆವು. ಮಳೆಯನ್ನೇ ನಂಬಿ ಎರಡು ಎಕರೆಯಲ್ಲಿ ಐದು ಜನ ಬದುಕುವ ಕಷ್ಟವನ್ನು ಅರಿತವರು ಗೋದಾಮಿನ ತಿಂಗಳ ಸಂಬಳವನ್ನು ಹಗುರವಾಗಿ ಕಾಣಲಾರರು. ಕಾಯಕಕ್ಕೆ ಹೊಲವೇ ಆಗಬೇಕೆಂಬ ನಿಯಮವಿಲ್ಲ. ಆದರೆ ರಸ್ತೆಯ ಕಣ್ಣಿಗೆ ಕಾಣದ ಇನ್ನೊಂದು ದಾರಿ ಈ ಸೀಮೆಯಲ್ಲಿದೆ. ಅದು ನೀರಿನ ದಾರಿ.

ತಾಲ್ಲೂಕಿನ ಶಿವಗಂಗೆಯ ಬೆಟ್ಟಸಾಲಿನಲ್ಲಿ ಕುಮುದ್ವತಿ ಎಂಬ ಚಿಕ್ಕ ನದಿ ಹುಟ್ಟುತ್ತದೆ. ಹಳ್ಳಿಹಳ್ಳಿಯ ಕೆರೆಗಳ ಕೋಡಿಯ ನೀರನ್ನು ಕೂಡಿಸಿಕೊಂಡು ಅದು ದಕ್ಷಿಣಕ್ಕೆ ಹರಿದು ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಯನ್ನು ಸೇರುತ್ತದೆ. ಆ ಸಂಗಮದಲ್ಲಿ 1933ರಲ್ಲಿ ಕಟ್ಟಿ ಮುಗಿಸಿದ ಚಾಮರಾಜಸಾಗರವು ಹಲವು ದಶಕಗಳ ಕಾಲ ಬೆಂಗಳೂರಿನ ಬಾಯಾರಿಕೆಯನ್ನು ತಣಿಸಿತು. 1974ರಲ್ಲಿ ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯ ನೀರನ್ನು ಎತ್ತಿ ತರುವ ತನಕ ರಾಜಧಾನಿಗೆ ಮುಖ್ಯ ಆಸರೆ ಇದೇ. ಮುಂದೆ ಒಳಹರಿವು ಕುಗ್ಗಿತು, ಬಂದ ನೀರೂ ಕೊಳೆಯಾಯಿತು. 2003ರಲ್ಲಿ ಸರಕಾರವು ಜಲಾನಯನ ಪ್ರದೇಶದ ಕಟ್ಟಡಗಳಿಗೆ ನಿರ್ಬಂಧ ವಿಧಿಸಿತು. ಅಷ್ಟರಲ್ಲಿ ಮೇಲಿನ ಊರುಗಳಲ್ಲಿ ಅನೇಕ ಕಾಲುವೆಗಳು ಮುಚ್ಚಿಹೋಗಿದ್ದವು. ಮುಚ್ಚಿದವರು ಯಾರು? ದೂರದವರಾರೂ ಅಲ್ಲ. ನಮ್ಮಂಥವರೇ.

1998ರಲ್ಲಿ ಭಾವನವರು ನಮ್ಮನ್ನು ಕರೆಸಿಕೊಂಡರು. ನಿವೇಶನಗಳ ಬಡಾವಣೆ ಮಾಡುವವರೊಬ್ಬರು ಒಂದು ಎಕರೆಗೆ ಬೆಲೆ ಕಟ್ಟಿದ್ದರು. "ಮಠದಲ್ಲಿ ಓದಿದವರು, ನೀವು ಹೇಳಿದಂತೆ ಮಾಡುತ್ತೇನೆ" ಎಂದರು. ಆಗ ನಮಗೆ ಮೂವತ್ತೆಂಟರ ಹುಮ್ಮಸ್ಸು. ವಿದ್ಯೆಯೇ ನಿಜವಾದ ಸಂಪತ್ತು, ಮಕ್ಕಳ ಓದಿಗಾಗಿ ನೆಲ ಹೋದರೆ ನಷ್ಟವಿಲ್ಲ ಎಂದು ದೀರ್ಘವಾಗಿ ಉಪದೇಶಿಸಿದೆವು. ಭಾವನವರು ಮರುಮಾತಿಲ್ಲದೆ ಸಹಿ ಹಾಕಿದರು. ಆ ಎಕರೆಯ ತಗ್ಗಿನಲ್ಲಿ ಒಂದು ಹಳ್ಳ ಇತ್ತು. ಮಳೆಗಾಲದಲ್ಲಷ್ಟೇ ಹರಿಯುತ್ತಿದ್ದ ಅದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಡಾವಣೆಯವರು ಅದನ್ನು ಮಣ್ಣಿನಿಂದ ತುಂಬಿಸಿ ಮೇಲೆ ರಸ್ತೆ ಮಾಡಿದರು. ಊರ ಕೆರೆಗೆ ನೀರು ತರುತ್ತಿದ್ದುದು ಅದೇ ಹಳ್ಳ. ಕೆಲವೇ ವರ್ಷಗಳಲ್ಲಿ ಕೆರೆ ಒಣಗಿತು. ಕೆರೆಯ ಹಿಂದೆಯೇ ಭಾವನವರ ಕಲ್ಲುಬಾವಿಯೂ ಬತ್ತಿತು. ಅನುಮೋದನೆಯಿಲ್ಲದ ಆ ಕಂದಾಯ ನಿವೇಶನಗಳನ್ನು ಕೊಂಡವರು ಕೂಲಿ ಮಾಡುವ ಬಡವರು. ಖಾತೆಯಿಲ್ಲದೆ, ಚರಂಡಿಯಿಲ್ಲದೆ ಅವರು ಪಟ್ಟ ಪಾಡು ಬೇರೆ. ಜೋರು ಮಳೆ ಬಂದಾಗ ಮುಚ್ಚಿದ ಹಳ್ಳದ ನೀರು ಅವರ ಮನೆಗಳಿಗೇ ನುಗ್ಗುತ್ತಿತ್ತು. ಭಾವನವರು ಒಂದು ದಿನವೂ ನಮ್ಮನ್ನು ದೂರಲಿಲ್ಲ. 2009ರಲ್ಲಿ ಅವರು ಲಿಂಗೈಕ್ಯರಾದಾಗ ಬಿಲ್ವದ ಅಡಿಯಲ್ಲಿ, ಬತ್ತಿದ ಬಾವಿಯ ಪಕ್ಕದಲ್ಲಿ, ಅವರನ್ನು ಮಣ್ಣಿಗೆ ಒಪ್ಪಿಸಿದೆವು.

2022ರಲ್ಲಿ ಸೋದರಳಿಯನು ಮತ್ತೆ ಕರೆ ಕಳುಹಿಸಿದನು. ಕೊರೆಸಿದ ಮೂರು ಕೊಳವೆಬಾವಿಗಳೂ ವಿಫಲವಾಗಿ ಸಾಲ ಮೈಮೇಲಿತ್ತು. ಮಗಳು ಇಂಜಿನಿಯರಿಂಗ್ ಓದುತ್ತಿದ್ದಳು. ಉಳಿದ ಎರಡು ಎಕರೆಯನ್ನು ಗೋದಾಮಿಗಾಗಿ ಕೇಳುವವರು ಬಂದಿದ್ದರು. ಅವರ ಷರತ್ತು ಒಂದೇ: ಸಮಾಧಿಗಳಿರುವ ಮೂಲೆಯೂ ಸೇರಿ ಚೌಕಾಕಾರದ ಪೂರ್ತಿ ನೆಲ ಬೇಕು. "ಮಾವ, ಸಮಾಧಿಗಳನ್ನು ಶಾಸ್ತ್ರೋಕ್ತವಾಗಿ ಬೇರೆ ಕಡೆಗೆ ಸ್ಥಳಾಂತರಿಸಲು ಬರುತ್ತದೆಯೇ? ನೀವು ಹೇಳಿದರೆ ಅಮ್ಮ ಒಪ್ಪುತ್ತಾಳೆ" ಎಂದು ಅವನು ಕೇಳಿದನು. ಅಕ್ಕ ಮಾತನಾಡಲಿಲ್ಲ, ನಮ್ಮ ಮುಖವನ್ನೇ ನೋಡುತ್ತ ಕುಳಿತಿದ್ದಳು. ಒಮ್ಮೆ ಹೇಳಿ ಕೆಡಿಸಿದ ನಾಲಗೆ ನಮ್ಮದು. ಅಂದು ಉತ್ತರಿಸದೆ, ಒಂದು ದಿನ ತಡೆಯಲು ಹೇಳಿದೆವು.

ಮರುದಿನ ಬೆಳಿಗ್ಗೆ ಅಳಿಯನನ್ನು ಕರೆದುಕೊಂಡು ಹೊಲಕ್ಕೆ ಹೋದೆವು. ಶಾಸ್ತ್ರದ ಮಾತನ್ನು ಬದಿಗಿಟ್ಟು 1998ರ ನಮ್ಮ ತಪ್ಪನ್ನು ಅವನಿಗೆ ಬಿಡಿಸಿ ಹೇಳಿದೆವು. ನೆಲ ಮಾರಬೇಡವೆಂದು ಹೇಳುವ ಅಧಿಕಾರ ನಮಗಿಲ್ಲ. ಸಾಲ ತೀರಿಸುವುದೂ ಧರ್ಮ, ಮಗಳನ್ನು ಓದಿಸುವುದೂ ಧರ್ಮ. ಆದರೆ ಮಾರುವ ಮುನ್ನ ಏನನ್ನು ಮಾರುತ್ತಿದ್ದೇವೆ ಎಂಬುದನ್ನು ತಿಳಿಯಬೇಕು ಎಂದೆವು. ತಾಲ್ಲೂಕು ಕಚೇರಿಯಿಂದ ಗ್ರಾಮನಕ್ಷೆಯ ಪ್ರತಿ ಪಡೆದು, ಭೂಮಾಪಕರಿಂದ ಹದ್ದುಬಸ್ತು ಮಾಡಿಸಿದೆವು. ಉಳಿದ ಹೊಲದ ಅಂಚಿನಲ್ಲಿಯೂ ಹಳ್ಳದ ಒಂದು ಕವಲು ನಕ್ಷೆಯಲ್ಲಿ ಸ್ಪಷ್ಟವಾಗಿತ್ತು. ಬಾವಿ, ಬಿಲ್ವ, ಸಮಾಧಿಗಳಿರುವ ಹತ್ತು ಗುಂಟೆಯನ್ನು ಪ್ರತ್ಯೇಕಿಸಿ ಪೋಡಿ ಮಾಡಿಸುವುದು. ಅಲ್ಲಿಗೆ ಹೋಗುವ ದಾರಿಯ ಹಕ್ಕನ್ನು ಕ್ರಯಪತ್ರದಲ್ಲಿಯೇ ಬರೆಸುವುದು. ಹಳ್ಳವನ್ನು ತೆರೆದೇ ಬಿಡಬೇಕೆಂಬ ಮಾತನ್ನೂ ಸೇರಿಸುವುದು. ನಮ್ಮ ಸಲಹೆ ಇಷ್ಟೇ.

ಮೊದಲು ಬಂದವರು ಒಪ್ಪದೆ ಹೋದರು. ಒಂದು ವರ್ಷ ಯಾರೂ ಬರಲಿಲ್ಲ; ಬಡ್ಡಿ ಬೆಳೆಯಿತು. ಅಳಿಯನ ಮನೆಯಲ್ಲಿ ನಮ್ಮ ಬಗ್ಗೆ ಒಳ್ಳೆಯ ಮಾತಿರಲಿಲ್ಲವೆಂದು ನಮಗೆ ಗೊತ್ತು, ಅದು ಸಹಜವೇ. 2023ರ ಕೊನೆಯಲ್ಲಿ ಬೇರೊಬ್ಬರು ಬಂದು ಒಂದು ಎಕರೆ ಮೂವತ್ತು ಗುಂಟೆಯನ್ನು ಈ ಷರತ್ತುಗಳೊಡನೆಯೇ, ಮೊದಲಿನವರಿಗಿಂತ ಕಡಿಮೆ ಬೆಲೆಗೆ, ಕೊಂಡರು. ಸಾಲ ತೀರಿತು. ಕೈಯಲ್ಲಿ ಉಳಿದದ್ದು ಮೊದಲು ಎಣಿಸಿದ್ದರ ಅರ್ಧವೂ ಅಲ್ಲ.

2024ರ ಶ್ರಾವಣದಲ್ಲಿ ಅಕ್ಕ ಲಿಂಗೈಕ್ಯಳಾದಳು. ಕೊನೆಯ ದಿನಗಳಲ್ಲಿ ಅವಳು ಕೇಳಿದ್ದು ಒಂದೇ: "ನನ್ನನ್ನು ಅವರ ಪಕ್ಕದಲ್ಲಿಯೇ ಇಡುತ್ತೀರಿ ತಾನೆ?" ಗೋದಾಮಿನ ಗೋಡೆಯ ಬದಿಯಲ್ಲಿ, ಪತ್ರದಲ್ಲಿ ಬರೆಸಿದ ಹತ್ತು ಅಡಿಯ ದಾರಿಯಲ್ಲಿ, ಅವಳನ್ನು ಹೊತ್ತು ನಡೆದೆವು. ಗೋದಾಮಿನ ಕಾವಲುಗಾರನು ತಲೆಯ ವಸ್ತ್ರ ತೆಗೆದು ನಿಂತನು. ಹೊರಗೆ ನಿಂತಿದ್ದ ಲಾರಿಯೊಂದರ ಚಾಲಕನು ತಾನಾಗಿಯೇ ವಾಹನವನ್ನು ಹಿಂದಕ್ಕೆ ಸರಿಸಿ ದಾರಿ ಬಿಟ್ಟನು. ಹಿಂದಿನ ರಾತ್ರಿ ಮಳೆಯಾಗಿತ್ತು. ಅಂಚಿನ ಹಳ್ಳದಲ್ಲಿ ಮೊಣಕಾಲಿನಷ್ಟು ನೀರು ಹರಿಯುತ್ತಿತ್ತು. ಬಾವಿಯಲ್ಲಿ ಇನ್ನೂ ನೀರಿಲ್ಲ. ಮೇಲಿನ ಹಳ್ಳ ಮುಚ್ಚಿರುವ ತನಕ ಬರಲಾರದು.

ಬಂಧುಗಳೇ, ರಾಜಧಾನಿಯ ಸುತ್ತಲಿನ ದೇವನಹಳ್ಳಿ, ಹೊಸಕೋಟೆ, ಆನೇಕಲ್, ದೊಡ್ಡಬಳ್ಳಾಪುರ ಸೀಮೆಗಳಲ್ಲಿರುವ ನಮ್ಮ ಮನೆತನಗಳ ಮುಂದೆಯೂ ಇದೇ ಪ್ರಶ್ನೆ ಬಂದು ನಿಂತಿದೆ. ಊರು ಬೆಳೆಯುವುದನ್ನು ತಡೆಯಲು ಯಾರಿಂದಲೂ ಆಗದು, ತಡೆಯಬೇಕಾಗಿಯೂ ಇಲ್ಲ. ಆದರೆ ಸಹಿ ಹಾಕುವ ಮುನ್ನ ಗ್ರಾಮನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿರಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಹಿರಿಯರು ಎಲ್ಲಿ ಮಲಗಿದ್ದಾರೆ, ಅಲ್ಲಿಗೆ ನಾಳೆ ಮೊಮ್ಮಕ್ಕಳು ಯಾವ ದಾರಿಯಿಂದ ಹೋಗಬೇಕು, ಈ ಮೂರನ್ನು ತಿಳಿದುಕೊಂಡು ಕಾಗದದಲ್ಲಿ ಬರೆಸಿರಿ. ಬಾಯಿಮಾತಿನ ಒಪ್ಪಂದ ಮುಂದಿನ ಮಾಲೀಕನನ್ನು ಕಟ್ಟಿಹಾಕದು. ನಮ್ಮಂಥವರು ಉಪದೇಶಕ್ಕೆ ಬಂದರೆ, ಮೊದಲು ಅವರನ್ನು ಹೊಲದ ತಗ್ಗಿಗೆ ಕರೆದೊಯ್ದು, ಮಳೆಗಾಲದಲ್ಲಿ ಇಲ್ಲಿ ಏನು ಹರಿಯುತ್ತದೆ ಬಲ್ಲಿರಾ ಎಂದು ಕೇಳಿರಿ. 1998ರಲ್ಲಿ ನಮ್ಮನ್ನು ಯಾರಾದರೂ ಹಾಗೆ ಕೇಳಿದ್ದರೆ ಆ ಊರಿನ ಕೆರೆಯಲ್ಲಿ ಇಂದಿಗೂ ನೀರಿರುತ್ತಿತ್ತು.