ಕ್ಯೋಟೊದಿಂದ ತಂಗಿಗೆ



ಇಲ್ಲೀಗ ರಾತ್ರಿ ಎರಡೂವರೆ. ನಿಮ್ಮಲ್ಲಿ ಹನ್ನೊಂದು ಗಂಟೆ, ನೀನು ಹಾಲಿಗೆ ಹೆಪ್ಪು ಹಾಕಿ ಬಾಗಿಲು ಭದ್ರ ಮಾಡುವ ಹೊತ್ತು. ಬಲಗೈ ಜೋಮು ಹಿಡಿದು ಎಚ್ಚರವಾಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರಕ್ಕೇ ಜೋಮು. ನಾಲ್ಕು ಸಲ ಕೊಡವಿದೆ, ಸರಿಹೋಯಿತು. ನಿದ್ದೆ ಮಾತ್ರ ಹಾರಿಹೋಯಿತು. ಅಕ್ಷರ ಸೊಟ್ಟಗಿದೆ ಅಂತ ಗಾಬರಿ ಬೀಳಬೇಡ. ಅರ್ಧ ತಪ್ಪು ಕೈಯದು, ಅರ್ಧ ಈ ಗೇಣುದ್ದದ ಮೇಜಿನದು.

ಚಿನ್ನದ ದೇವಸ್ಥಾನ ನೋಡಿದ್ದಾಯಿತು. ಫುಶಿಮಿ ಇನಾರಿಯ ಕೆಂಪು ಕಮಾನುಗಳ ಕೆಳಗೆ ಅರ್ಧ ಗುಡ್ಡ ಹತ್ತಿದೆ, ಸೊಸೆಗೇ ಏದುಸಿರು ಬಂತು, ನನಗಲ್ಲ! ಫೋಟೊ ಮಗ ಕಳಿಸುತ್ತಾನೆ. ನಿನಗೆ ಹೇಳಬೇಕಾದ್ದು ಊಟದ ವಿಷಯ.

ಇಲ್ಲಿ ಸಸ್ಯಾಹಾರಿ ಅಂದರೆ ಸಾಲದು, ತಿಳಿಸಾರಿಗೂ ಒಣಮೀನಿನ ರಸ ಹಾಕಿರುತ್ತಾರೆ. ಸೊಸೆ ವಿಚಾರಿಸಿ ವಿಚಾರಿಸಿ ನಾನ್‌ಝೆನ್‌ಜಿ ದೇವಸ್ಥಾನದ ಬಳಿಯ ಪುಟ್ಟ ಹೋಟೆಲಿಗೆ ಕರೆದೊಯ್ದಳು. ಯುದೋಫು ಅಂತ ಕೊಡುತ್ತಾರೆ: ಮಣ್ಣಿನ ಗಡಿಗೆ, ಬಿಸಿನೀರು, ತಳದಲ್ಲಿ ಒಂದು ತುಂಡು ಕಡಲಪಾಚಿ, ಮೇಲೆ ತೋಫು ತುಂಡುಗಳು. ಅದ್ದಿಕೊಳ್ಳುವ ರಸದಲ್ಲಿ ಮೀನಿದೆಯಂತೆ, ನನಗೆ ಬರೀ ಸೋಯಾ ಸಾಸು, ಶುಂಠಿ. ಕಡ್ಡಿಯಲ್ಲಿ ಹಿಡಿಯಲು ಹೋದರೆ ತೋಫು ಜಾರುತ್ತದೆ, ನನ್ನ ಬೆರಳು ಮಡಚುವುದಿಲ್ಲ. ಹೊರಗೆ ಮೈ ಕೊರೆಯುವ ಚಳಿ ಬೇರೆ. ಬಡಿಸುವ ಹೆಂಗಸಿಗೆ ನನಗಿಂತ ಹೆಚ್ಚೇ ವಯಸ್ಸು. ಸ್ವಲ್ಪ ಹೊತ್ತು ನೋಡಿದರು, ಒಳಗೆ ಹೋದರು, ಹಬೆಯಾಡುವ ಸಣ್ಣ ಟವೆಲ್ ತಂದು ನನ್ನ ಕೈಗೆ ಸುತ್ತಿ ಎರಡೂ ಅಂಗೈಯಿಂದ ಅದುಮಿ ಹಿಡಿದುಕೊಂಡರು. ಟವೆಲ್ ಆರಿದಾಗ ಇನ್ನೊಂದು ತಂದರು. ಆಮೇಲೆ ಮರದ ಚಮಚ. ತಮ್ಮ ಬೆರಳನ್ನೂ ತೋರಿಸಿದರು, ಗಿಣ್ಣೆಲ್ಲ ದಪ್ಪವಾಗಿತ್ತು. ಭಾಷೆ ಬಾರದ ಇಬ್ಬರು ಮುದುಕಿಯರು ಕೈ ಕೈ ತೋರಿಸಿಕೊಂಡು ನಕ್ಕಿದ್ದೇ ನಕ್ಕಿದ್ದು. ದುಡ್ಡು ಹೆಚ್ಚು ಇಡಲು ಹೋದರೆ ಮಗ ತಡೆದ. ಇಲ್ಲಿ ಟಿಪ್ಸ್ ಕೊಡುವ ರೂಢಿ ಇಲ್ಲವಂತೆ. ನನ್ನ ಕೈಚೀಲದಲ್ಲಿದ್ದ ಏಲಕ್ಕಿ ಪೊಟ್ಟಣ ಕೊಟ್ಟೆ, ಮೂಸಿ ನೋಡಿ ಕಣ್ಣರಳಿಸಿದರು.

ಇಷ್ಟು ಹೊತ್ತಿಗೆ ಕೊಲೆಸ್ಟರಾಲ್ ಮಾತ್ರೆಯಿಂದಲೇ ಅಕ್ಕನ ಕೈ ಹೀಗಾಯಿತು ಅಂತ ನೀನು ತೀರ್ಮಾನ ಮಾಡಿರುತ್ತೀಯ. ನೀನಿರಲಿ, ನಿಮ್ಮನೆಯವರು ನನ್ನ ಕೈ ಸುದ್ದಿ ಕೇಳಿ ತಮ್ಮ ಮಾತ್ರೆಯನ್ನೇ ನಿಲ್ಲಿಸಿದ್ದಾರೆ ಅಂತ ಮಗ ಹೇಳಿದ. ಕೇಳಿ ಎದೆ ಧಸಕ್ಕೆಂದಿತು. ಸ್ಟೆಂಟ್ ಹಾಕಿಸಿಕೊಂಡವರು ಅವರು! ಫೋನಿನಲ್ಲಿ ನಾನು ಹೇಳಿದ್ದು ಅವರ ಕಿವಿಗೆ ಹೋಗುವುದಿಲ್ಲ, ಈ ಪತ್ರ ಗಟ್ಟಿಯಾಗಿ ಓದಿ ಹೇಳು.

ಹೊರಡುವ ಮೊದಲು ನಮ್ಮ ಡಾಕ್ಟರ್ ಹೇಳಿದ್ದು ಇಷ್ಟು. ಆ ಮಾತ್ರೆಯಿಂದ ನೋವು ಬಂದರೆ ಸಾಮಾನ್ಯವಾಗಿ ದೊಡ್ಡ ಸ್ನಾಯುಗಳಿಗೆ, ತೊಡೆ, ಮೀನಖಂಡ, ಭುಜ, ಅದೂ ಎರಡೂ ಕಡೆ. ಗುಡ್ಡ ಹತ್ತುವಾಗ ನನ್ನ ತೊಡೆ ಚಕಾರ ಎತ್ತಲಿಲ್ಲವಲ್ಲ. ರಾತ್ರಿ ಮೂರು ಬೆರಳಿಗೆ ಜೋಮು ಹಿಡಿದು ಕೊಡವಿದರೆ ಬಿಡುವುದು ಮಣಿಕಟ್ಟಿನಲ್ಲಿ ನರ ಒತ್ತುವುದರ ಲಕ್ಷಣ. ಥೈರಾಯ್ಡ್ ಕಡಿಮೆಯಾದರೂ ಹಾಗಾಗುತ್ತದೆ, ಮೈಕೈ ನೋವೂ ಬರುತ್ತದೆ, ಕೊಲೆಸ್ಟರಾಲೂ ಏರುತ್ತದೆ. ಅಮ್ಮನಿಗೆ ಥೈರಾಯ್ಡ್ ಇತ್ತಲ್ಲ, ನಾನು ಬಂದೊಡನೆ ರಕ್ತ ಪರೀಕ್ಷೆ ಮಾಡಿಸಬೇಕು, ನೀನೂ ಜೊತೆಗೆ ಬಾ. ಮಾತ್ರೆಯದೇ ಕಾಟ ಅಂತ ಗೊತ್ತಾದರೂ ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು. ತೊಡೆಯಲ್ಲಿ ಶಕ್ತಿಯೇ ಇಲ್ಲದೆ ಏಳಲಾಗದಿದ್ದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಮಗ ಇನ್ನೊಂದು ಹೇಳಿದ. ಲಂಡನ್ನಿನಲ್ಲಿ, ಕಾಟ ತಾಳದೆ ಈ ಮಾತ್ರೆ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಹುಸಿಮಾತ್ರೆ, ಕೆಲವು ತಿಂಗಳು ಏನೂ ಇಲ್ಲ, ಹೀಗೆ ಯಾವುದು ಯಾವುದೆಂದು ಹೇಳದೆ ಮಾತ್ರೆ ಕೊಟ್ಟು ನೋಡಿದರಂತೆ. 2020ರಲ್ಲಿ ಫಲಿತಾಂಶ ಬಂತು: ಮಾತ್ರೆಯಲ್ಲಿ ಕಂಡ ತೊಂದರೆಯ ಶೇ. 90ರಷ್ಟು ಹುಸಿಮಾತ್ರೆಯಲ್ಲೂ ಕಂಡಿತು. ನೋವು ಸುಳ್ಳಲ್ಲ, ಕಾರಣ ಮಾತ್ರ ಬಹುಪಾಲು ಮಾತ್ರೆಯಲ್ಲ. ಅವರಲ್ಲಿ ಅರ್ಧ ಜನ ಮತ್ತೆ ಮಾತ್ರೆ ಶುರುಮಾಡಿದರಂತೆ. ನಿಮ್ಮನೆಯವರಂಥ ಹಟಮಾರಿಗಳು ಅಲ್ಲೂ ಇದ್ದರು ಅಂತಾಯಿತು.

ಅಂದಹಾಗೆ ಈ ಬಗೆಯ ಔಷಧಿಗೆ ಮೂಲ ಈ ಊರೇ! ಅಕಿರಾ ಎಂಡೊ ಅನ್ನುವ ಜಪಾನಿನ ವಿಜ್ಞಾನಿ ಸಾವಿರಾರು ಬೂಷ್ಟುಗಳನ್ನು ಸೋಸಿ, ಕ್ಯೋಟೊದ ಒಂದು ಧಾನ್ಯದಂಗಡಿಯ ಅಕ್ಕಿಯಲ್ಲಿ ಬೆಳೆದ ನೀಲಿಹಸುರು ಬೂಷ್ಟಿನಿಂದ 1973ರಲ್ಲಿ ಮೊದಲನೆಯದನ್ನು ತೆಗೆದರಂತೆ. ನಾವು ನುಂಗುವ ಅಟೊರ್ವಾಸ್ಟಾಟಿನ್ ಬೂಷ್ಟಿನದಲ್ಲ, ಕಾರ್ಖಾನೆಯಲ್ಲಿ ತಯಾರಾದದ್ದು, ಆದರೆ ದಾರಿ ತೋರಿಸಿದ್ದು ಆ ಅಕ್ಕಿ. ಅಂಗಡಿ ಎಲ್ಲಿದೆ ಅಂತ ಕೇಳಿದ್ದಕ್ಕೆ ಮಗ ನಕ್ಕುಬಿಟ್ಟ. ದೇವಸ್ಥಾನಕ್ಕಿಂತ ಅದನ್ನು ನೋಡುವ ಆಸೆಯಿತ್ತು ನನಗೆ.

ದೇವನಹಳ್ಳಿಯಿಂದ ಚಕ್ಕೋತ ಬಂದಿದೆ ಅಂದೆಯಲ್ಲ, ನಿಮ್ಮನೆಯವರಿಗೆ ದಿನಾ ಸುಲಿದು ಕೊಡಬೇಡ. ಅದರ ಜಾತಿಯ ಗ್ರೇಪ್‌ಫ್ರೂಟ್ ರಸ ಹೆಚ್ಚು ಕುಡಿದರೆ ಈ ಮಾತ್ರೆಯ ಅಂಶ ರಕ್ತದಲ್ಲಿ ಏರುತ್ತದೆ, ಡಾಕ್ಟರನ್ನು ಕೇಳಿಯೇ ತಿನ್ನಲಿ. ನಾಳೆ ಬೆಳಿಗ್ಗೆಯೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಹಳೇ ಚೀಟಿ ಮರೆಯಬೇಡ. ನಮ್ಮನೆ ಗ್ಯಾಸ್ ಬುಕ್ ಮಾಡಿದ್ದೇನೆ, ಸಿಲಿಂಡರ್ ಬಂದರೆ ಇಳಿಸಿಕೋ. ಕೀ ಎದುರುಮನೆಯಲ್ಲಿದೆ. ಹಿತ್ತಲ ಬಾಗಿಲ ಚಿಲಕ ಸಡಿಲವಾಗಿದೆ, ಆ ಬಡಗಿಗೆ ಹೇಳಿ ಹೇಳಿ ಸಾಕಾಯಿತು, ಅವನು ಬಂದರೆ ದುಡ್ಡು ದೇವರ ಮನೆಯ ಬೆಳ್ಳಿ ಡಬ್ಬಿಯ ಹಿಂದೆ, ಅಲ್ಲ, ಅಲ್ಲಿಂದ ತೆಗೆದು ಇನ್ನೆಲ್ಲೋ