ಹೋಗೋಣ್ವಾ, ಬೇಡ್ವಾ?

2019ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ ಪ್ರಧಾನಿ ನರೇಂದ್ರ ಮೋದಿ ದೇಶದ ಜನಕ್ಕೆ ಒಂದು ಹೋಮ್‌ವರ್ಕ್ ಕೊಟ್ಟರು: 2022ರೊಳಗೆ ನಮ್ಮ ದೇಶದಲ್ಲೇ ಕನಿಷ್ಠ 15 ಪ್ರವಾಸಿ ತಾಣಗಳನ್ನು ನೋಡಿ ಬನ್ನಿ. ಮರುವರ್ಷದ ಜನವರಿಯಲ್ಲಿ ಪ್ರವಾಸೋದ್ಯಮ ಸಚಿವಾಲಯ ‘ದೇಖೋ ಅಪ್ನಾ ದೇಶ್’ ಎಂಬ ಹೆಸರಿಟ್ಟು ಅದನ್ನೇ ಅಭಿಯಾನ ಮಾಡಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಮಾರ್ಚ್ 24ರ ರಾತ್ರಿ, ಅದೇ ಪ್ರಧಾನಿ ಟಿವಿಯಲ್ಲಿ ಬಂದು ಕೊರೊನಾ ಲಾಕ್‌ಡೌನ್ ಸಾರಿ ಮನೆಬಾಗಿಲಿಗೆ ಲಕ್ಷ್ಮಣರೇಖೆ ಎಳೆದರು. ಹದಿನೈದರ ಪಟ್ಟಿಯಲ್ಲಿ ಬಾದಾಮಿ, ಬನವಾಸಿ ಮುಗಿಸಿ ಮೂರನೆಯದಕ್ಕೆ ಟಿಕ್ಕು ಹಾಕಲು ಕಾದಿದ್ದವರು ಬಾಲ್ಕನಿಯಲ್ಲಿ ನಿಂತು ಎದುರುಮನೆಯ ತೆಂಗಿನಮರವನ್ನು ನೋಡಿದ್ದೇ ನೋಡಿದ್ದು.

ಬೀಗ ಬಿದ್ದಾಗ ಯಾರಿಗೂ ತಲೆಬಿಸಿ ಇರಲಿಲ್ಲ. ತೆಗೆದ ಮೇಲೆ ಶುರುವಾಯಿತು ನೋಡಿ. 2020ರ ಜೂನ್ 8ಕ್ಕೆ ಹೋಟೆಲು, ದೇವಸ್ಥಾನಗಳು ತೆರೆದವು. ಮಾರ್ಚ್ ಮಧ್ಯದಿಂದ ಮುಚ್ಚಿದ್ದ ಮೈಸೂರಿನ ಮೃಗಾಲಯವೂ ಅಂದೇ ತೆರೆಯಿತು. ಜುಲೈ 6ಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳ ಸರದಿ. ಅಬ್ಬ ಎಂದು ಉಸಿರುಬಿಡುವಷ್ಟರಲ್ಲಿ ಜುಲೈ 14ರಿಂದ 22ರವರೆಗೆ ಬೆಂಗಳೂರಿಗೆ ಮತ್ತೆ ಲಾಕ್‌ಡೌನ್, ಅದರ ಮುನ್ನಾದಿನ ತುಮಕೂರು ರಸ್ತೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಟವರ ವಾಹನಗಳ ಸಾಲು. ಆಗಸ್ಟ್ 24ಕ್ಕೆ ಸೇವಾ ಸಿಂಧು ನೋಂದಣಿ, ಕೈಮೇಲಿನ ಸೀಲು, ಹೊರರಾಜ್ಯದಿಂದ ಬಂದವರ ಕ್ವಾರಂಟೈನ್ ಎಲ್ಲವೂ ರದ್ದು. ಅಲ್ಲಿಂದ ಮುಂದೆ, ಹೋಗಬಹುದೇ ಎಂದು ಕೇಳಿದರೆ ಎಲ್ಲ ಇಲಾಖೆಗಳದೂ ಒಂದೇ ಉತ್ತರ: ಹೋಗಬಹುದು. ಹೋಗಬೇಕೇ ಎಂಬ ಪ್ರಶ್ನೆಯನ್ನು ಮಾತ್ರ ಊಟಕ್ಕೆ ಕೂತವರು ತಾವೇ ಬಗೆಹರಿಸಿಕೊಳ್ಳಬೇಕಿತ್ತು.

ಸರ್ಕಾರಗಳಿಗೇ ಇದರ ಬಗ್ಗೆ ಒಮ್ಮತ ಇರಲಿಲ್ಲ. ಜಪಾನಿನಲ್ಲಿ ಅದೇ ಜುಲೈ 22ರಿಂದ ‘ಗೋ ಟು ಟ್ರಾವೆಲ್’ ಎಂಬ ಯೋಜನೆ ಶುರುವಾಯಿತು. ದೇಶದೊಳಗೆ ಪ್ರವಾಸ ಹೋದವರ ಖರ್ಚಿನಲ್ಲಿ ರಿಯಾಯಿತಿ, ಕೂಪನ್ ಎಲ್ಲ ಸೇರಿ ಅರ್ಧದಷ್ಟನ್ನು ಸರ್ಕಾರವೇ ಹೊರುವ ಏರ್ಪಾಡು. ಸೋಂಕು ಹೆಚ್ಚಿದ್ದ ಟೋಕಿಯೊವನ್ನು ಮೊದಲು ಹೊರಗಿಟ್ಟರು, ಅಕ್ಟೋಬರ್ 1ಕ್ಕೆ ಒಳಗೆ ಸೇರಿಸಿಕೊಂಡರು, ಸೋಂಕು ಏರಿದಾಗ ಡಿಸೆಂಬರ್ 28ಕ್ಕೆ ಇಡೀ ಯೋಜನೆಯನ್ನೇ ನಿಲ್ಲಿಸಿದರು. ನಮ್ಮಲ್ಲಿ ಇದರ ತಿರುಗುಮುರುಗು. ಕೇಂದ್ರ ಸರ್ಕಾರಿ ನೌಕರರು ಎಲ್‌ಟಿಸಿಯಲ್ಲಿ ಊರು ಸುತ್ತಿಬಂದು ಟಿಕೆಟ್ಟಿನ ದುಡ್ಡು ಪಡೆಯುವುದು ಹಳೆಯ ರೂಢಿ. 2020ರ ಅಕ್ಟೋಬರ್ 12ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಹೋಗಲಾಗದವರು ಹೋಗದೆಯೇ ಆ ದುಡ್ಡು ತೆಗೆದುಕೊಳ್ಳಬಹುದು ಎಂದರು. ಷರತ್ತುಗಳು ಇದ್ದವು: ಪ್ರಯಾಣದರದ ಮೂರುಪಟ್ಟು ಮೊತ್ತದ ಸಾಮಾನನ್ನೋ ಸೇವೆಯನ್ನೋ 2021ರ ಮಾರ್ಚ್ 31ರೊಳಗೆ ಖರೀದಿಸಬೇಕು, ಅದರ ಮೇಲೆ ಜಿಎಸ್‌ಟಿ ಶೇ 12 ಅಥವಾ ಹೆಚ್ಚಿರಬೇಕು, ಹಣವನ್ನು ಡಿಜಿಟಲ್ ಆಗಿಯೇ ಕೊಟ್ಟಿರಬೇಕು. ರೈಲಿನ ದರ್ಜೆಯವರಿಗೆ ತಲೆಗೆ 6,000 ರೂಪಾಯಿಯ ಲೆಕ್ಕ.

ಬೆಂಗಳೂರಿನ ವಿಜಯನಗರದ ಒಂದು ಮನೆ. ಗಂಡ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ, ಹೆಂಡತಿ ಖಾಸಗಿ ಶಾಲೆಯ ಟೀಚರು, ಆನ್‌ಲೈನ್ ಕ್ಲಾಸಿಗೆ ಮುಖ ತೋರಿಸಿ ಕ್ಯಾಮೆರಾ ಆಫ್ ಮಾಡುವ ಮಗ, ಎಪ್ಪತ್ತು ದಾಟಿದ ಅತ್ತೆ. ಇಂಥ ಮನೆಗಳು ಆ ವರ್ಷ ಎಷ್ಟಿದ್ದವೋ.

“ರೀ, ನಾಲ್ಕು ಜನಕ್ಕೆ ಇಪ್ಪತ್ನಾಲ್ಕು ಸಾವಿರ ಬರೋಕ್ಕೆ ಎಪ್ಪತ್ತೆರಡು ಸಾವಿರದ ಸಾಮಾನು ತಗೋಬೇಕಂತೆ. ಇದು ಲಾಭಾನಾ, ನಷ್ಟಾನಾ?”

“ಜಿಎಸ್‌ಟಿ ಬಿಲ್ ಕಡ್ಡಾಯ ಕಣೆ,” ಎಂದು ಆತ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ.

“ಊರು ಸುತ್ತೋಕ್ಕೆ ದುಡ್ಡು ಕೊಡ್ತಿದ್ದೋರು ಈಗ ಮನೇಲಿರೋಕ್ಕೆ ಕೊಡ್ತಾರಾ? ಒಳ್ಳೇ ಸರ್ಕಾರ ಕಣಪ್ಪ,” ಎಂದರು ಅತ್ತೆ.

ಕೊನೆಗೆ ಫ್ರಿಜ್ಜೂ ಬಂತು, ಪ್ರವಾಸವೂ ಗೊತ್ತಾಯಿತು. ಡಿಸೆಂಬರಿನ ಕೊನೆಯ ವಾರ ಮೂಡಿಗೆರೆಯ ಕಡೆಯ ಒಂದು ಹೋಂಸ್ಟೇ. ಅತ್ತೆ ಮೈದುನನ ಮನೆಗೆ. ಹೊರಡುವ ಹೊತ್ತಿಗೆ ರಾಜ್ಯ ಸರ್ಕಾರ ರಾತ್ರಿ ಕರ್ಫ್ಯೂ ಎಂದಿತು. ಅದು ಜಾರಿಗೆ ಬರಬೇಕಿದ್ದ 24ರಂದೇ ಬೇಡ ಎಂದು ವಾಪಸ್ ತೆಗೆದುಕೊಂಡಿತು. ಬ್ಯಾಗಿನಿಂದ ಹೊರಬಂದ ಬಟ್ಟೆ ಮತ್ತೆ ಬ್ಯಾಗಿಗೆ ಹೋಯಿತು.

ಆ ಬ್ಯಾಗುಗಳ ಒಳಗೆ ಒಮ್ಮೆ ಇಣುಕಬೇಕು. ಐದು ಲೀಟರಿನ ಸ್ಯಾನಿಟೈಸರ್ ಕ್ಯಾನು, ಪಲ್ಸ್ ಆಕ್ಸಿಮೀಟರು, ಡೋಲೋ ಸ್ಟ್ರಿಪ್ಪು, ಮನೆಯದೇ ಹಾಸಿಗೆಬಟ್ಟೆ, ದಿಂಬಿನ ಕವರು, ಎಲೆಕ್ಟ್ರಿಕ್ ಕೆಟಲು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೂರು ದಿನಕ್ಕೆ ಸಾಲುವಷ್ಟು ಚಪಾತಿ, ಹೆಪ್ಪು ಹಾಕಿದ ಮೊಸರಿನ ಡಬ್ಬ. ಹಿಂದಿನ ಕಾಲದವರು ತೀರ್ಥಯಾತ್ರೆಗೆ ಬುತ್ತಿ ಕಟ್ಟುತ್ತಿದ್ದರಲ್ಲ, ಅವರೂ ಇಷ್ಟು ಕಟ್ಟಿರಲಾರರು. ಪೆಟ್ರೋಲು ಬೆಂಗಳೂರಿನಲ್ಲೇ ಫುಲ್ ಟ್ಯಾಂಕು. ದಾರಿಯಲ್ಲಿ ಕಾಫಿಗೂ ಇಳಿಯಲಿಲ್ಲ.

ಹೋಂಸ್ಟೇಯ ಗೃಹಿಣಿ ಬೆಳಿಗ್ಗೆ ಬಿಸಿ ಕಡುಬು, ಕಾಯಿಚಟ್ನಿಯ ತಟ್ಟೆಗಳನ್ನು ಜಗುಲಿಯ ಕಟ್ಟೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಬಂದವರು ಮಾಸ್ಕಿನೊಳಗೇ ನಕ್ಕು, “ನಾವು ತಂದಿದೀವಿ, ತಪ್ಪು ತಿಳ್ಕೋಬೇಡಿ” ಎಂದರು. ಅವರೇನೂ ತಪ್ಪು ತಿಳಿದುಕೊಳ್ಳಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮಲೆನಾಡಿನ ಹೋಂಸ್ಟೇಗಳಲ್ಲಿ ಸಾಮಾನ್ಯವಾಗಿ ತಲೆಗಿಷ್ಟು ಎಂದು ಊಟ ಸೇರಿಸಿಯೇ ಲೆಕ್ಕ. ಊಟ ಬೇಡವೆಂದರೆ ಉಳಿಯುವುದು ಕೋಣೆಯ ಬಾಡಿಗೆ ಮಾತ್ರ. ಬಲ್ಲಾಳರಾಯನದುರ್ಗದ ಕಡೆ ಕರೆದೊಯ್ಯಲು ಸಿದ್ಧವಾಗಿದ್ದ ಜೀಪಿನ ಹುಡುಗನನ್ನೂ ಕರೆಯಲಿಲ್ಲ, ಮುಚ್ಚಿದ ಗಾಡಿಯಲ್ಲಿ ಅಪರಿಚಿತನ ಪಕ್ಕ ಯಾರು ಕೂರುತ್ತಾರೆ?

ಆ ದಿನಗಳಲ್ಲಿ ಪ್ರವಾಸ ಹೊರಟವರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದ ಸಮಾಧಾನಗಳು ಮುಖ್ಯವಾಗಿ ಎರಡು. ನಾವು ತುಂಬಾ ಹುಷಾರಾಗಿರ್ತೀವಿ ಎಂಬುದು ಒಂದು. ಪಾಪ, ಅಲ್ಲಿನವರಿಗೂ ನಾಲ್ಕು ಕಾಸು ಆಗಲಿ ಎಂಬುದು ಇನ್ನೊಂದು. ಬಿಡಿಬಿಡಿಯಾಗಿ ಎರಡೂ ಒಳ್ಳೆಯ ಮಾತೇ. ಆದರೆ ಒಂದೇ ಕಾರಿನಲ್ಲಿ ಇವೆರಡೂ ಕೂರುವುದಿಲ್ಲ. ಎಷ್ಟು ಹುಷಾರೋ ಅಷ್ಟು ಜಿಪುಣತನ. ಮನೆಯ ಚಪಾತಿ ತಿಂದು, ಮನೆಯ ಹೊದಿಕೆ ಹೊದ್ದು, ಯಾರನ್ನೂ ಮುಟ್ಟದೆ ಮಾತಾಡಿಸದೆ ಬಂದವನಿಂದ ಊರಿಗೆ ಸೋಂಕೂ ಇಲ್ಲ, ಸಂಪಾದನೆಯೂ ಇಲ್ಲ. ಅಂಗಡಿಗೆ ಹೋಗಿ, ಹೋಟೆಲಿನಲ್ಲಿ ಉಂಡು, ಗೈಡಿನ ಹೆಗಲಿಗೆ ಹೆಗಲು ತಾಗಿಸಿ ನಡೆದವನು ದುಡ್ಡು ಬಿಟ್ಟುಹೋಗುತ್ತಾನೆ. ಜೊತೆಗೆ ಇನ್ನೇನು ಬಿಟ್ಟುಹೋದ ಎಂಬುದು ವಾರ ಕಳೆದ ಮೇಲೆ ಗೊತ್ತಾಗುವ ಸಂಗತಿ.

ವಿಜಯನಗರದವರಿಗೆ ಏನೂ ಆಗಲಿಲ್ಲ. ಮೂಡಿಗೆರೆಯ ಮನೆಗೂ ಏನೂ ಆಗಲಿಲ್ಲ. ಅವರ ಲೆಕ್ಕ ಸರಿಯಿತ್ತು ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಹಿಡಿಯುವ ಹಾಗಿಲ್ಲ. ಆ ಡಿಸೆಂಬರಿನಲ್ಲಿ ಸೋಂಕೇ ಇಳಿಮುಖವಾಗಿತ್ತು.

ಸೋಂಕಿನ ಲೆಕ್ಕದಲ್ಲಿ ಜಿಲ್ಲೆಗಳನ್ನು ವಿಂಗಡಿಸಿದ 2020ರ ಮೇ ಆರಂಭದ ಬಣ್ಣದ ನಕ್ಷೆ ನೆನಪಿರಬಹುದು. ಕೇಂದ್ರದ ಪಟ್ಟಿಯಲ್ಲಿ ಕರ್ನಾಟಕದ 14 ಜಿಲ್ಲೆಗಳು ಹಸಿರು: ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ, ಚಾಮರಾಜನಗರ, ಉಡುಪಿ ಎಲ್ಲವೂ ಅದರಲ್ಲಿದ್ದವು. ಬೆಂಗಳೂರಿನ ಪ್ರವಾಸಿ ಕಾರುಗಳು ಮೂತಿ ತಿರುಗಿಸುವುದೇ ಅತ್ತ. ಹಸಿರು ಎಂದರೆ ಸುರಕ್ಷಿತ, ಹೋಗಬಹುದು ಎಂದು ನಗರದವರು ಓದಿಕೊಂಡರು. ಅಲ್ಲಿದ್ದವರು ಓದಿಕೊಂಡದ್ದೇ ಬೇರೆ: ನಮ್ಮಲ್ಲಿ ಇನ್ನೂ ಇಲ್ಲ, ದಯವಿಟ್ಟು ತರಬೇಡಿ. ಹಳ್ಳಿಹಳ್ಳಿಗಳಲ್ಲಿ ಊರಬಾಗಿಲಿಗೆ ಮುಳ್ಳುಕಂಟಿ ಎಳೆದು, ರಸ್ತೆಗೆ ಮರ ಅಡ್ಡ ಹಾಕಿದ ವಸಂತ ಅದು. ಕೇರಳದ ಗಡಿಯಲ್ಲಿ ಸ್ವತಃ ರಾಜ್ಯ ಸರ್ಕಾರವೇ ರಸ್ತೆಗೆ ಮಣ್ಣು ಸುರಿದಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ನಿಂತರು.

ಒಂದು ವರ್ಷ ಕಳೆದು 2021ರ ಜೂನ್ 14ಕ್ಕೆ ರಾಜ್ಯ ಎರಡನೇ ಅಲೆಯಿಂದ ಮೇಲೇಳತೊಡಗಿದಾಗ 11 ಜಿಲ್ಲೆಗಳಿಗೆ ಮಾತ್ರ ಬಿಡುಗಡೆ ಸಿಗಲಿಲ್ಲ. ಆ ಹನ್ನೊಂದರಲ್ಲಿ ಆರು, ಹಿಂದಿನ ವರ್ಷದ ಹಸಿರು ಪಟ್ಟಿಯವು: ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ, ಚಾಮರಾಜನಗರ, ದಾವಣಗೆರೆ. ಪ್ರವಾಸಿಗರೇ ತಂದುಹಾಕಿದರು ಎನ್ನಲು ಬಾರದು. ಮದುವೆಗಳು ನಡೆದಿದ್ದವು, ಜಾತ್ರೆಗಳು ನಡೆದಿದ್ದವು, ನಗರದಿಂದ ಮಕ್ಕಳು ಊರಿಗೆ ಮರಳಿದ್ದರು. ಆದರೆ ಚಾಮರಾಜನಗರದ ಕಥೆ ಕೇಳಿದ ಮೇಲೆ ಬಂಡೀಪುರದ ಸಫಾರಿಗೋ ಬಿಳಿಗಿರಿರಂಗನ ಬೆಟ್ಟಕ್ಕೋ ಹೊರಡುವವರ ಕೈ ಒಮ್ಮೆ ಸ್ಟೀರಿಂಗ್ ಮೇಲೆ ತಡೆಯಬೇಕಿತ್ತು. 2020ರ ಜೂನ್ ಮೊದಲ ವಾರದವರೆಗೂ ಒಂದೇ ಒಂದು ಪ್ರಕರಣವಿಲ್ಲದೆ ರಾಜ್ಯದಲ್ಲಿ ಕೊನೆಯವರೆಗೆ ಉಳಿದ ಜಿಲ್ಲೆ ಅದು. 2021ರ ಮೇ 2ರ ರಾತ್ರಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕಕ್ಕೆ ಹಾಹಾಕಾರ ಎದ್ದಿತು. ಸಿಲಿಂಡರು ಮೈಸೂರಿನಿಂದ ಬರಬೇಕಿತ್ತು. 24 ಗಂಟೆಯೊಳಗೆ 24 ರೋಗಿಗಳು ಸತ್ತರು. ಇದರಲ್ಲಿ ಆಮ್ಲಜನಕವಿಲ್ಲದೆ ಸತ್ತವರೆಷ್ಟು ಎಂಬ ವಾದ ಹೈಕೋರ್ಟ್ ನೇಮಿಸಿದ ಸಮಿತಿಯವರೆಗೂ ಹೋಯಿತು.

ಹಾಸಿಗೆ ಸಿಗದೆ ಜನ ಬೆಂಗಳೂರಿನಲ್ಲೂ ಒದ್ದಾಡಿದರು, ಸುಳ್ಳಲ್ಲ. ಆದರೂ ರಜೆಯಲ್ಲಿ ಜ್ವರ ಬಂದ ಬೆಂಗಳೂರಿನವನಿಗೆ ಕಾರಿದೆ, ಫೋನಿನಲ್ಲಿ ಪರಿಚಯದ ಡಾಕ್ಟರ ನಂಬರಿದೆ, ರಾತ್ರೋರಾತ್ರಿ ವಾಪಸ್ ಬರುತ್ತಾನೆ. ಮೂಡಿಗೆರೆಯ ಜೀಪಿನ ಹುಡುಗನಿಗೆ ಜೋರಾದರೆ ಹಾಸನಕ್ಕೆ ಓಡಬೇಕು, ಇಲ್ಲವೇ 2019ರ ಮಳೆಗೆ ಕುಸಿದು ಸುಧಾರಿಸಿಕೊಳ್ಳುತ್ತಿದ್ದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ. ಯಾವ ಪ್ರವಾಸದ ಬಜೆಟ್ಟಿನಲ್ಲೂ ಈ ಖರ್ಚಿಗೆ ಕಾಲಂ ಇರುವುದಿಲ್ಲ.

ಊರು ಬಿಡುವುದೇ ಮದ್ದಾಗಿದ್ದ ಕಾಲವೂ ಇತ್ತು ಎಂಬುದು ಬೇರೆ ಮಾತು. ಪ್ಲೇಗಿನ ದಿನಗಳಲ್ಲಿ ಹಳ್ಳಿಯವರು ಇಲಿ ಬಿದ್ದ ಮನೆ ತೊರೆದು ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1898ರಲ್ಲಿ ರೈಲಿನ ದಾರಿಯಲ್ಲೇ ಬಂದ ಆ ಪಿಡುಗಿನ ಬಳಿಕ ಬೆಂಗಳೂರು ಇಕ್ಕಟ್ಟಿನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳಿಗೆ ಹಬ್ಬಿತು. ಗುಡಿಸಲಿಗೆ ಹೋದವರು ಯಾರ ಮನೆಯ ಅತಿಥಿಗಳೂ ಆಗಿರಲಿಲ್ಲ, ಅಷ್ಟೇ ವ್ಯತ್ಯಾಸ.

ಹಾಗೆಂದು ಆತಿಥೇಯರೆಲ್ಲ ಕೈಮುಗಿದು ಬರಬೇಡಿ ಎನ್ನುತ್ತಿದ್ದರೆಂದರೆ ಅರ್ಧ ಸುಳ್ಳಾಗುತ್ತದೆ. ಕೊಡಗಿನ ಹೋಂಸ್ಟೇಯವರು 2018ರ ಮಹಾಮಳೆಯಲ್ಲಿ ಒಂದು ಹಂಗಾಮು ಕಳೆದುಕೊಂಡರು, 2019ರ ಪ್ರವಾಹದಲ್ಲಿ ಇನ್ನೊಂದು. 2020ರಲ್ಲಿ ಕೊರೊನಾ ಸಾಲದೆಂದು ಆಗಸ್ಟ್ ಮೊದಲ ವಾರ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಹಂಪಿಯ ಗೈಡುಗಳು ಮತ್ತು ಹರಿಗೋಲಿನವರ ಪಾಡು ಕೇಳುವುದೇ ಬೇಡ. ಸ್ಮಾರಕಗಳು ಮೊದಲ ಸಲ ಮಾರ್ಚಿನಿಂದ ಜುಲೈವರೆಗೆ, ಎರಡನೇ ಸಲ 2021ರ ಏಪ್ರಿಲ್ 16ರಿಂದ ಎರಡು ತಿಂಗಳು ಮುಚ್ಚಿದ್ದವು. ತೆರೆದಿದ್ದ ದಿನಗಳಲ್ಲೂ ವಿದೇಶಿಯರು ಬರುವಂತಿರಲಿಲ್ಲ. ನಾಲ್ಕು ಭಾಷೆ ಕಲಿತು ವಿಠ್ಠಲನ ಗುಡಿಯ ಕಂಬಗಳ ಕಥೆ ಹೇಳುತ್ತಿದ್ದವನಿಗೆ ಕೇಳುವವರೇ ಇಲ್ಲ. 2021ರ ಜೂನ್ 28ರಂದು ಕೇಂದ್ರ ಇಂಥ ಗೈಡುಗಳಿಗೆ ಒಂದು ಲಕ್ಷದವರೆಗೆ ಸಾಲಕ್ಕೆ ಸರ್ಕಾರದ ಖಾತರಿ ಘೋಷಿಸಿತು. ಸಾಲ, ಗಮನಿಸಿ. ಸಂಪಾದನೆ ಇಲ್ಲದವನಿಗೆ ಕಂತು ಕಟ್ಟುವ ಭಾಗ್ಯ. ಅವನ ಮಟ್ಟಿಗೆ ಮನೆಯಲ್ಲೇ ಉಳಿದ ಪ್ರಜ್ಞಾವಂತ ಪ್ರವಾಸಿಗಿಂತ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಬಂದ ಬೇಜವಾಬ್ದಾರಿಯವನೇ ವಾಸಿ; ಅವನಾದರೂ ದಿನಗೂಲಿ ಕೊಟ್ಟ.

ಬಂದರು ಕೂಡ. 2021ರ ಜುಲೈ ಹೊತ್ತಿಗೆ ಮನಾಲಿ, ಶಿಮ್ಲಾ, ಮಸ್ಸೂರಿಯ ಕೆಂಪ್ಟಿ ಜಲಪಾತದ ವಿಡಿಯೊಗಳು ಮೊಬೈಲ್‌ಗಳಲ್ಲಿ ಹರಿದಾಡಿದವು. ಗಿರಿಧಾಮಗಳಲ್ಲಿ ಮಾಸ್ಕಿಲ್ಲದ ಜನಜಂಗುಳಿಯ ಬಗ್ಗೆ ಪ್ರಧಾನಿ ಜುಲೈ 13ರಂದು ಕಳವಳ ವ್ಯಕ್ತಪಡಿಸಿದರು. ನಮ್ಮ ನಂದಿಬೆಟ್ಟದಲ್ಲಿ ಭಾನುವಾರದ ಕಾರುಗಳ ಸಾಲು ಕಂಡು ಜಿಲ್ಲಾಡಳಿತ ವಾರಾಂತ್ಯದ ಪ್ರವೇಶವನ್ನೇ ನಿಲ್ಲಿಸಿತು. ಮುಳ್ಳಯ್ಯನಗಿರಿಗೆ ಹತ್ತುವ ವಾಹನಗಳಿಗೂ ಮಿತಿ ಬಂತು.

ಆ ಜುಲೈನಲ್ಲೇ ವಿಜಯನಗರದ ಟೀಚರು ಮೂಡಿಗೆರೆಗೆ ಫೋನು ಹಚ್ಚಿದರು. ಮೊದಲ ಡೋಸ್ ಆಗಿದೆ, ಈ ಸಲ ಊಟ ನಿಮ್ಮಲ್ಲೇ, ಮಳೆಗಾಲದ ಕಳಲೆ ಪಲ್ಯ ತಿನ್ನಬೇಕು, ಜೀಪೂ ಬೇಕು, ಯಾವಾಗ ಬರಲಿ?

“ಎಂತ ಹೇಳ್ಲಿ ಮೇಡಂ, ಈಗ ಬ್ಯಾಡ,” ಎಂದಿತು ಆ ಕಡೆಯ ದನಿ. “ನಮ್ಮ ಅತ್ತೆಗೆ ಎಂಬತ್ತೆರಡು. ಮೊನ್ನೆ ಪಕ್ಕದ ಎಸ್ಟೇಟಿನಲ್ಲಿ ಎರಡು ಹೋಯ್ತು. ಜೀಪಿನವನು ಬಿಟ್ಟ, ತೋಟದ ಕೆಲಸಕ್ಕೆ ಹೋಗ್ತಾನೆ. ಕಳಲೆ ಬೇಕಿದ್ರೆ ಉಪ್ಪು ಹಾಕಿ ಡಬ್ಬಿ ಕಟ್ಟಿ ಬಸ್ಸಿಗೆ ಹಾಕ್ತೀನಿ. ಕಾಫಿಪುಡಿನೂ ಕಳಿಸ್ಲಾ?”

“ಕಳಿಸಿ. ಎಷ್ಟಾಗುತ್ತೆ?”

“ಚಿಕೋರಿ ಎಷ್ಟು ಹಾಕಿಸ್ಲಿ, ಮೊದ್ಲು ಅದು ಹೇಳಿ.”

ಗಂಡ ಇಪ್ಪತ್ತು ಪರ್ಸೆಂಟ್ ಅಂದ. ಚಿಕೋರಿಯೇ ಬೇಡ ಎಂದು ಅತ್ತೆ ಒಳಗಿನಿಂದ ಕೂಗಿದರು.